ಕಥೆ ಹೇಳುವವರು ಬದಲಾದಾಗ

ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಕಥಾಸಂಕಲನ ನಿಮ್ಮಲ್ಲಿ ಅನೇಕರ ಮನೆಯ ಕಪಾಟಿನಲ್ಲಿರಬಹುದು. ದೊಡ್ಡ ಪುಸ್ತಕವೇನಲ್ಲ. ಆದರೆ ಈ ಒಂದೇ ಸಂಕಲನದಿಂದ ನಾಲ್ಕು ಸಿನಿಮಾಗಳು ಬಂದಿವೆ. ಎನ್. ಲಕ್ಷ್ಮೀನಾರಾಯಣ್ 1973ರಲ್ಲಿ ಶೀರ್ಷಿಕೆಯ ಕಥೆಯನ್ನೇ ಚಿತ್ರ ಮಾಡಿದರು. ಗಿರೀಶ್ ಕಾಸರವಳ್ಳಿ 'ತಬರನ ಕಥೆ'ಯನ್ನು ಎತ್ತಿಕೊಂಡರು. ಅದಕ್ಕೆ 1986ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಸದಾನಂದ ಸುವರ್ಣ 'ಕುಬಿ ಮತ್ತು ಇಯಾಲ' ಮಾಡಿದರು. ಮೊನ್ನೆ ಮೊನ್ನೆ, 2023ರಲ್ಲಿ, 'ಡೇರ್‌ಡೆವಿಲ್ ಮುಸ್ತಫಾ' ಬಂತು. ಅದಕ್ಕೆ ದುಡ್ಡು ಹಾಕಿದವರು ತೇಜಸ್ವಿಯವರ ಓದುಗರು. ಲೇಖಕರು ತೀರಿಕೊಂಡು ಹದಿನಾರು ವರ್ಷವಾದ ಮೇಲೂ, ಅವರ ಕಥೆಯೊಂದನ್ನು ಪರದೆಯ ಮೇಲೆ ನೋಡಲೇಬೇಕೆಂದು ಓದುಗರು ತಮ್ಮ ಕೈಯಿಂದ ಹಣ ಕೂಡಿಸುತ್ತಾರೆಂದರೆ, ಪುಸ್ತಕ ಓದುವವರಿಗೆ ಸಿನಿಮಾ ಕಂಡರಾಗದು ಎಂಬ ಮಾತನ್ನು ನಾನಂತೂ ನಂಬುವುದಿಲ್ಲ.

ಪುಸ್ತಕವನ್ನು ಸಿನಿಮಾ ಸರಿಗಟ್ಟಬಲ್ಲದೇ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಸಣ್ಣ ಸಂಕಲನ. ಸರಿಗಟ್ಟಬಲ್ಲದು, ಕನ್ನಡದಲ್ಲೇ ಹಲವು ಸಲ ಸರಿಗಟ್ಟಿದೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಯಾವಾಗ ಸರಿಗಟ್ಟುತ್ತದೆ, ಯಾವಾಗ ಸೋಲುತ್ತದೆ ಎಂಬುದನ್ನು ಮಾತ್ರ ಒಂದೊಂದು ಚಿತ್ರವನ್ನೇ ಮುಂದಿಟ್ಟುಕೊಂಡು ನೋಡಬೇಕು.

ಸಾಮಾನ್ಯವಾಗಿ ನಾವು ಹೋಲಿಸುವುದು ಘಟನೆಗಳನ್ನು. ಆ ಸನ್ನಿವೇಶ ಬಿಟ್ಟುಬಿಟ್ಟಿದ್ದಾರೆ, ಈ ಪಾತ್ರ ಬರಲೇ ಇಲ್ಲ, ಕೊನೆಯನ್ನು ಬದಲಾಯಿಸಿಬಿಟ್ಟರು ಎಂದು ಬೇಸರಪಡುತ್ತೇವೆ. ಬೇಸರ ಸಹಜವೇ. ಆದರೆ ಓದುವಾಗ ನಮ್ಮನ್ನು ಹಿಡಿದು ಕೂರಿಸಿದ್ದು ಘಟನೆಗಳು ಮಾತ್ರವಲ್ಲ. ಆ ಘಟನೆಗಳನ್ನು ಯಾರೋ ಒಬ್ಬರು ನಮಗೆ ಹೇಳುತ್ತಿದ್ದರು. ಅವರದೊಂದು ದನಿಯಿತ್ತು. ಎಲ್ಲಿ ನಿಧಾನಿಸಬೇಕು, ಎಲ್ಲಿ ಒಂದೇ ಸಾಲಿನಲ್ಲಿ ಹತ್ತು ವರ್ಷ ದಾಟಿಸಬೇಕು, ಯಾವುದನ್ನು ಬಾಯಿಬಿಟ್ಟು ಹೇಳದೆ ಓದುಗನಿಗೇ ಬಿಡಬೇಕು ಎಂಬುದೆಲ್ಲ ಆ ದನಿಗೆ ಗೊತ್ತಿತ್ತು. ಸಿನಿಮಾ ಆಗುವಾಗ ಘಟನೆಗಳು ಹೇಗೋ ದಾಟಿಕೊಂಡು ಬರುತ್ತವೆ. ದನಿ ಮಾತ್ರ ಪುಸ್ತಕದಲ್ಲೇ ಉಳಿದುಬಿಡುತ್ತದೆ. ಅದರ ಜಾಗಕ್ಕೆ ನಿರ್ದೇಶಕ ತನ್ನದೇ ಆದ ಇನ್ನೊಂದನ್ನು ತರಬೇಕು. ತಂದರೆ ಚಿತ್ರ ನಿಲ್ಲುತ್ತದೆ. ಇಲ್ಲದಿದ್ದರೆ, ಘಟನೆಗಳೆಲ್ಲ ಅಚ್ಚುಕಟ್ಟಾಗಿದ್ದರೂ, ಏನೋ ಕಳೆದುಹೋಗಿದೆ ಅನ್ನಿಸುತ್ತದೆ.

ಇದಕ್ಕೆ ನನಗೆ ಸಿಗುವ ಅತ್ಯುತ್ತಮ ಉದಾಹರಣೆ 'ಘಟಶ್ರಾದ್ಧ'. ಯು. ಆರ್. ಅನಂತಮೂರ್ತಿಯವರ ಕಥೆ. ವೇದಪಾಠಶಾಲೆ ನಡೆಸುವ ಉಡುಪರ ಮನೆ, ಬಾಲವಿಧವೆಯಾದ ಮಗಳು ಯಮುನಕ್ಕ, ಅಲ್ಲಿಗೆ ಓದಲು ಬಂದ ನಾಣಿ ಎಂಬ ಪುಟ್ಟ ಹುಡುಗ. ಕಥೆಯನ್ನು ಹೇಳುವವನು ನಾಣಿಯೇ. ಯಮುನಕ್ಕ ಬಸುರಾಗಿದ್ದಾಳೆ, ಊರು ಅವಳನ್ನು ತಿನ್ನಲು ಕಾದು ಕೂತಿದೆ. ಇದು ಹುಡುಗನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಓದುವ ನಮಗೆ ಅರ್ಥವಾಗುತ್ತದೆ. ಅವನಿಗೆ ತಿಳಿದಿರುವುದಕ್ಕೂ ನಮಗೆ ತಿಳಿದಿರುವುದಕ್ಕೂ ನಡುವಿನ ಆ ಅಂತರದಲ್ಲೇ ಕಥೆಯ ನೋವೆಲ್ಲ ಇದೆ. ಈಗ ಯೋಚಿಸಿ, ಸಿನಿಮಾದಲ್ಲಿ 'ನಾನು' ಎನ್ನುವವನು ಎಲ್ಲಿರುತ್ತಾನೆ? ಕ್ಯಾಮೆರಾ ಎದುರಿಗಿದ್ದದ್ದನ್ನೆಲ್ಲ ಹಿಡಿಯುತ್ತದೆ. ಹುಡುಗನ ತಿಳಿಯದಿರುವಿಕೆಯನ್ನು ಹಿಡಿಯುವುದು ಹೇಗೆ?

1977ರಲ್ಲಿ ಈ ಚಿತ್ರ ಮಾಡಿದಾಗ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಹೊರಬಂದು ಹೆಚ್ಚು ಕಾಲವಾಗಿರಲಿಲ್ಲ. ಅದು ಅವರ ಮೊದಲ ಕಥಾಚಿತ್ರ. ಅವರು ಹುಡುಗನ ಬಾಯಿಂದ ಕಥೆ ಹೇಳಿಸುವ ಸುಲಭದ ದಾರಿ ಹಿಡಿಯದೆ, ಹುಡುಗನನ್ನು ನೋಡುವವನನ್ನಾಗಿ ಮಾಡಿದರು. ಯಮುನಕ್ಕ ಬದುಕು ಸಾಕೆಂದು ಹುತ್ತಕ್ಕೆ ಕೈಹಾಕುವ ಪ್ರಸಂಗವನ್ನು ನೆನಪಿಸಿಕೊಳ್ಳಿ. ಅವಳ ಸಂಕಟ ಒಂದು ಕಡೆ, ಪಕ್ಕದಲ್ಲೇ ನಿಂತ ಹುಡುಗನ ಗಾಬರಿ ಇನ್ನೊಂದು ಕಡೆ. ಆಕೆ ಯಾಕೆ ಹಾಗೆ ಮಾಡುತ್ತಿದ್ದಾಳೆಂದು ಅವನಿಗೆ ಅರ್ಧಂಬರ್ಧ ಗೊತ್ತು. ಪ್ರೇಕ್ಷಕರಾದ ನಾವು ಯಮುನಕ್ಕನ ಮುಖ ನೋಡಿ, ನಾಣಿಯ ಮುಖ ನೋಡಿ, ಮತ್ತೆ ಯಮುನಕ್ಕನ ಕಡೆ ತಿರುಗುತ್ತೇವೆ. ಪುಸ್ತಕದಲ್ಲಿ 'ನಾನು' ಮಾಡಿದ ಕೆಲಸವನ್ನು ಇಲ್ಲಿ ಎರಡು ಮುಖಗಳ ನಡುವಿನ ಈ ಓಡಾಟ ಮಾಡುತ್ತದೆ. ಕೊನೆಯಲ್ಲಿ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಅವಳನ್ನು ಹೊರಹಾಕಿದ ಮೇಲೆ, ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತ ಯಮುನಕ್ಕನನ್ನು ಊರು ಬಿಟ್ಟು ಹೊರಟ ನಾಣಿ ನೋಡುತ್ತಾನೆ. ಅಲ್ಲಿ ವಿವರಣೆಯ ಒಂದು ಮಾತೂ ಬೇಕಿಲ್ಲ. ಈ ಚಿತ್ರಕ್ಕೂ ಸ್ವರ್ಣಕಮಲ ಬಂತು. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಕಥೆ ದೊಡ್ಡದೋ ಚಿತ್ರ ದೊಡ್ಡದೋ ಎಂದು ಯಾರಾದರೂ ಕೇಳಿದರೆ ನಾನು ಆರಿಸಲಾರೆ, ಆರಿಸುವ ಅಗತ್ಯವೂ ನನಗೆ ಕಂಡಿಲ್ಲ.

ಇದೇ ಕಥೆಯಿಂದ 1991ರಲ್ಲಿ ಅರುಣ್ ಕೌಲ್ ಹಿಂದಿಯಲ್ಲಿ 'ದೀಕ್ಷಾ' ಮಾಡಿದರು. ಅಲ್ಲಿ ನಾನಾ ಪಾಟೇಕರ್ ಮಾಡಿದ ಕೆಳಜಾತಿಯ ಆಳಿನ ಪಾತ್ರಕ್ಕೆ ಬಹಳ ತೂಕ ಬಂದಿದೆ. ಕಥೆ ಅದೇ, ನೋಡುವ ಕಣ್ಣು ಬೇರೆ, ಆದ್ದರಿಂದ ಚಿತ್ರವೂ ಬೇರೆ. ಮೂಲಕ್ಕೆ ನಿಷ್ಠೆ, ನಿಷ್ಠೆ ಎಂದು ನಾವು ಆಡುವ ಮಾತು ಎಷ್ಟು ಮೇಲುಮೇಲಿನದು ಎಂಬುದು ಈ ಎರಡನ್ನೂ ನೋಡಿದವರಿಗೆ ತಿಳಿಯುತ್ತದೆ.

ಅನಂತಮೂರ್ತಿಯವರ 'ಸಂಸ್ಕಾರ'ದ ಮಾತು ಸ್ವಲ್ಪ ಕಷ್ಟದ್ದು. ಕಾದಂಬರಿ ಬಂದದ್ದು 1965ರಲ್ಲಿ. ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿ ಅದನ್ನು ಚಿತ್ರ ಮಾಡಲು ಹೊರಟಾಗ ಅವರ ಸುತ್ತ ಸೇರಿದವರನ್ನು ನೋಡಿ: ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾದವರು ಗಿರೀಶ್ ಕಾರ್ನಾಡ್, ನಾರಣಪ್ಪನಾದವರು ಪಿ. ಲಂಕೇಶ್, ಚಂದ್ರಿಯಾದವರು ಸ್ನೇಹಲತಾ ರೆಡ್ಡಿ, ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದಿಂದ ಬಂದ ಟಾಮ್ ಕೋವನ್, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ಆಮೇಲೆ ಬಿಡುಗಡೆಯಾಗಿ, 1970ರ ಸ್ವರ್ಣಕಮಲ ಪಡೆದು, ಆ ಗೌರವ ಕಂಡ ಮೊದಲ ಕನ್ನಡ ಚಿತ್ರವಾಯಿತು.

ಈ ಚಿತ್ರದ ಮೇಲೆ ನನಗಿರುವ ಗೌರವ ದೊಡ್ಡದು. ಆದರೂ ಕಾದಂಬರಿ ಓದಿದವನಾಗಿ ಎರಡು ಮಾತು ಹೇಳಲೇಬೇಕು. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಸಂಸ್ಕಾರವಾಗದೆ ಯಾರೂ ಉಣ್ಣುವಂತಿಲ್ಲ. ಹಸಿವನ್ನು ಸಿನಿಮಾ ಚೆನ್ನಾಗಿ ತೋರಿಸಬಲ್ಲದು. ಒಣಗಿದ ತುಟಿ, ಗದರುವ ದನಿ, ಜಗುಲಿಯಲ್ಲಿ ಸುಮ್ಮನೆ ಕೂತ ಗಂಡಸರು ಸಾಕು. ಕಾದಂಬರಿಯಲ್ಲಿ ಹಸಿವಿನ ಜೊತೆಗೆ ನಾತವೂ ಇದೆ. ಕೊಳೆಯುವ ಹೆಣದ ನಾತ, ಸಾಯುವ ಇಲಿಗಳ ನಾತ ಅಕ್ಷರಗಳಿಂದ ಎದ್ದು ಮೂಗಿಗೆ ಬಡಿಯುತ್ತದೆ. ಪರದೆಯಲ್ಲಿ ಪಾತ್ರಗಳು ಮೂಗು ಮುಚ್ಚಿಕೊಂಡಾಗ ನಾವು ನಾತವನ್ನು ತಿಳಿದುಕೊಳ್ಳುತ್ತೇವೆಯೇ ಹೊರತು ಅನುಭವಿಸುವುದಿಲ್ಲ. ಇದು ಮೊದಲ ಮಾತು. ಎರಡನೆಯದು ಇನ್ನೂ ಮುಖ್ಯ. ಚಂದ್ರಿಯನ್ನು ಕೂಡಿದ ಮೇಲೆ ಪ್ರಾಣೇಶಾಚಾರ್ಯರು ಊರು ಬಿಟ್ಟು ನಡೆಯುತ್ತಾರಲ್ಲ, ಮಾಲೇರ ಪುಟ್ಟ ಜೊತೆಯಾಗುತ್ತಾನಲ್ಲ, ಆ ಉತ್ತರಾರ್ಧದ ಜೀವ ಇರುವುದೆಲ್ಲ ಅವರ ತಲೆಯೊಳಗೆ. ತಾನು ಮಾಡಿದ್ದು ಏನು, ಮಾಡಿದವನು ಯಾರು, ಅದು ತನ್ನ ಆಯ್ಕೆಯೋ ಆಕಸ್ಮಿಕವೋ ಎಂದು ಅವರು ತಮ್ಮನ್ನೇ ಬಗೆದು ನೋಡಿಕೊಳ್ಳುತ್ತಾರೆ. ಸಿನಿಮಾಕ್ಕೆ ಸಿಗುವುದು ಜಾತ್ರೆಯಲ್ಲಿ ನಡೆಯುವ ಒಬ್ಬ ಮನುಷ್ಯ. ಕಾರ್ನಾಡರ ಮುಖ ಬಹಳ ಮಟ್ಟಿಗೆ ಕೆಲಸ ಮಾಡುತ್ತದೆ, ಆದರೆ ವಾದವನ್ನೆಲ್ಲ ಒಂದು ಮುಖ ಹೊರಲಾರದು. ಪೂರ್ವಾರ್ಧದಲ್ಲಿ ಚಿತ್ರ ಕಾದಂಬರಿಗೆ ಹೆಗಲೆಣೆಯಾಗಿ ನಿಲ್ಲುತ್ತದೆ. ಉತ್ತರಾರ್ಧದಲ್ಲಿ ಕಾದಂಬರಿ ಮುಂದೆ ಹೋಗಿಬಿಡುತ್ತದೆ.

ಇದಕ್ಕೆ ತಿರುಗಾಮುರುಗಾ ಆದದ್ದೂ ಉಂಟು. ಬಾನುಲಿಯ ಮುಂದೆ ಕೂತ ನಿಮಗೆ ಇದು ಬೇಗ ಹಿಡಿಸಬಹುದು. ಶಿವರಾಮ ಕಾರಂತರ 'ಚೋಮನ ದುಡಿ' 1933ರ ಕಾದಂಬರಿ. ಬೇಸಾಯ ಮಾಡಬೇಕೆಂಬ ಒಂದೇ ಆಸೆಯ ಚೋಮ. ಎತ್ತುಗಳಿವೆ, ಉಳಲು ನೆಲವಿಲ್ಲ, ಹುಟ್ಟಿದ ಜಾತಿಯಿಂದಾಗಿ ಅದು ಸಿಗುವಂತೆಯೂ ಇಲ್ಲ. ಸಿಟ್ಟು ಬಂದರೆ ದುಡಿ ಬಾರಿಸುತ್ತಾನೆ, ಸಂತೋಷವಾದರೆ ದುಡಿ ಬಾರಿಸುತ್ತಾನೆ, ಕುಡಿದು ಬಂದರೆ ಅದನ್ನೇ ಎತ್ತಿಕೊಳ್ಳುತ್ತಾನೆ. ಕಾರಂತರು ಎಷ್ಟೇ ಸಮರ್ಥರಾಗಿ ಬರೆದರೂ ಪುಸ್ತಕದಲ್ಲಿ ದುಡಿಯ ಸದ್ದನ್ನು ನಾವೇ ಕಲ್ಪಿಸಿಕೊಳ್ಳಬೇಕು. 1975ರಲ್ಲಿ ಬಿ. ವಿ. ಕಾರಂತರು ಚಿತ್ರ ಮಾಡಿದಾಗ ಆ ಸದ್ದು ಕಿವಿಗೇ ಬಂತು. ನಿರ್ದೇಶನದ ಜೊತೆಗೆ ಸಂಗೀತವೂ ಅವರದೇ. ಕೈಗೆ ಸಿಕ್ಕಿದ್ದರಿಂದ ನಾದ ಹೊರಡಿಸುತ್ತಿದ್ದ ರಂಗಭೂಮಿಯ ಮನುಷ್ಯ. ಚೋಮನಾದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನದಿಯಲ್ಲಿ ಮುಳುಗುವ ಚೋಮನ ಮಗನನ್ನು ಮುಟ್ಟಬಾರದೆಂದು ಯಾರೂ ಎತ್ತದೆ ಬಿಟ್ಟರೆಂಬ ಕ್ರೌರ್ಯ ಕಾದಂಬರಿಯಲ್ಲೂ ಇದೆ, ಚಿತ್ರದಲ್ಲೂ ಇದೆ. ಆದರೆ ಅಂಥ ಸಾವಿನ ಬೆನ್ನಿಗೆ ಮೊಳಗುವ ದುಡಿ ಮಾತಿನಲ್ಲಿ ಹೇಳಲಾಗದ್ದನ್ನು ಹೇಳಿಬಿಡುತ್ತದೆ. ಇಲ್ಲಿ ಲೇಖಕರ ದನಿಯ ಜಾಗಕ್ಕೆ ನಿಜವಾಗಿಯೂ ಒಂದು ನಾದ ಬಂದು ಕೂತಿತು. ಈ ವಿಷಯದಲ್ಲಿ ಸಿನಿಮಾ ಪುಸ್ತಕಕ್ಕಿಂತ ಒಂದು ಹೆಜ್ಜೆ ಮುಂದೆಯೇ ಇದೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ತ್ರಿವೇಣಿಯವರ 'ಶರಪಂಜರ'ವೂ ಸಿನಿಮಾಕ್ಕೆ ಒಗ್ಗುವ ಕಥೆ. ಮನಸ್ಸಿನ ಕಾಯಿಲೆ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮನೆಯವರು, ಅಕ್ಕಪಕ್ಕದವರು ನೋಡುವ ನೋಟವೇ ಅದರ ತಿರುಳು. ನೋಟವನ್ನು ತೋರಿಸುವುದರಲ್ಲಿ ಕ್ಯಾಮೆರಾಕ್ಕೆ ಸಾಟಿಯಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಹಿಡಿದರು, ಕಲ್ಪನಾ ಅದನ್ನು ಬದುಕಿದರು. 1963ರಲ್ಲೇ ತೀರಿಕೊಂಡ ತ್ರಿವೇಣಿ ಅದನ್ನು ನೋಡಲಿಲ್ಲ ಎಂಬುದು ನನಗೆ ಇವತ್ತಿಗೂ ಹೊಟ್ಟೆಯುರಿಯುವ ಸಂಗತಿ. 'ಶರಪಂಜರ' ಬಂದ ಮರುವರ್ಷವೇ ಪುಟ್ಟಣ್ಣನವರು ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಕೂಡಿಸಿ 'ನಾಗರಹಾವು' ಮಾಡಿದರು. ಅದು ತ.ರಾ.ಸು. ಅವರಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಎಲ್ಲರೂ ಬಲ್ಲ ವಿಚಾರ. ಲೇಖಕರ ಅಸಮಾಧಾನದಲ್ಲಿ ನ್ಯಾಯವಿದೆ. ಮೂರು ಕಾದಂಬರಿಗಳ ಬಾಳುವೆ ಒಂದು ಚಿತ್ರಕ್ಕೆ ಇಳಿದಾಗ ಅನೇಕ ಸೂಕ್ಷ್ಮಗಳು ಸವೆದುಹೋಗುತ್ತವೆ. ಆದರೆ ಚಾಮಯ್ಯ ಮೇಷ್ಟ್ರು ಎಂದ ಕೂಡಲೇ ಕೆ. ಎಸ್. ಅಶ್ವಥ್ ಅವರ ಮುಖ ಬಿಟ್ಟು ಬೇರೆ ಮುಖ ಕನ್ನಡಿಗರ ಕಣ್ಣಿಗೆ ಬರುವುದಿಲ್ಲ. ಕಾದಂಬರಿಯನ್ನು ಮೊದಲು ಓದಿದವರಿಗೂ ಬರುವುದಿಲ್ಲ. ಇದು ಸಿನಿಮಾದ ಶಕ್ತಿ. ಓದುಗನ ಸ್ವಾತಂತ್ರ್ಯಕ್ಕೆ ಆದ ನಷ್ಟವೂ ಹೌದು.

ಲೇಖಕರಿಗೆ ನಿಜವಾದ ಅನ್ಯಾಯವಾದ ಪ್ರಸಂಗ ಬೇಕೆಂದರೆ ನಾವು ಮೈಸೂರಿನ ಆರ್. ಕೆ. ನಾರಾಯಣರ ಹತ್ತಿರ ಹೋಗಬೇಕು. 1958ರಲ್ಲಿ ಅವರ 'ದಿ ಗೈಡ್' ಬಂತು. ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಚಿತ್ರ ಮಾಡಲು ಬಂದವರಿಗೆ ನಾರಾಯಣರು, ಇದೇ ನನ್ನ ಮಾಲ್ಗುಡಿ ಎಂದು ಮೈಸೂರಿನ ಸುತ್ತಮುತ್ತಲಿನ ಹೊಳೆದಂಡೆ, ಹಳ್ಳಿ, ಗುಡಿಗಳನ್ನೆಲ್ಲ ತೋರಿಸಿದರು. ಅವರು ನೋಡಿ, ಮೆಚ್ಚಿ, ಹೋಗಿ ರಾಜಸ್ಥಾನದಲ್ಲಿ ಚಿತ್ರೀಕರಣ ಮಾಡಿದರು. ಮಾಲ್ಗುಡಿ ಉದಯಪುರವಾಯಿತು! ನಾರಾಯಣರು ಆಮೇಲೆ ಇದರ ಬಗ್ಗೆ ಒಂದು ಲೇಖನವನ್ನೇ ಬರೆದರು. ಆದರೆ ಊರು ಬದಲಾದದ್ದಕ್ಕಿಂತ ಕೊನೆ ಬದಲಾದದ್ದು ನನಗೆ ದೊಡ್ಡ ನಷ್ಟ. ಜೈಲಿನಿಂದ ಬಂದ ರಾಜು ಹಾಳುಗುಡಿಯಲ್ಲಿ ಕೂತಾಗ ಜನ ಅವನನ್ನು ಸ್ವಾಮಿ ಮಾಡುತ್ತಾರೆ, ಮಳೆಗಾಗಿ ಉಪವಾಸ ಕೂರಿಸುತ್ತಾರೆ. ಕಾದಂಬರಿಯ ಕೊನೆಯಲ್ಲಿ ಮಳೆ ಬಂತೇ, ರಾಜು ಸತ್ತನೇ, ಅವನು ನಿಜವಾಗಿಯೂ ಬದಲಾಗಿದ್ದನೇ, ಯಾವುದನ್ನೂ ನಾರಾಯಣರು ಹೇಳುವುದಿಲ್ಲ. ಸುಳ್ಳು ವೇಷದ ಒಳಗೊಂದು ನಿಜ ಹುಟ್ಟಿತೋ ಇಲ್ಲವೋ ಎಂಬುದನ್ನು ಓದುಗನೇ ತೀರ್ಮಾನಿಸಬೇಕು. ವಿಜಯ್ ಆನಂದ್ ಅವರ 1965ರ ಹಿಂದಿ ಚಿತ್ರದಲ್ಲಿ ಮಳೆ ಧೋ ಎಂದು ಸುರಿಯುತ್ತದೆ. ಬಿಟ್ಟುಹೋದವರೆಲ್ಲ ಬಂದು ಸೇರುತ್ತಾರೆ. ವಹೀದಾ ರೆಹಮಾನರ ನೃತ್ಯ, ಎಸ್. ಡಿ. ಬರ್ಮನ್ನರ ಸಂಗೀತ ಇವತ್ತಿಗೂ ಬೆರಗು ಹುಟ್ಟಿಸುವಂಥವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆ ಸುರಿದ ಕ್ಷಣಕ್ಕೆ ನಾರಾಯಣರು ಎತ್ತಿದ್ದ ಪ್ರಶ್ನೆ ಮುಗಿದುಹೋಯಿತು. ಲೇಖಕ ಬೇಕೆಂದೇ ತೆರೆದಿಟ್ಟ ಬಾಗಿಲನ್ನು ಮುಚ್ಚುವುದು ನನ್ನ ಲೆಕ್ಕದಲ್ಲಿ, ಹತ್ತು ಪಾತ್ರಗಳನ್ನು ಬಿಡುವುದಕ್ಕಿಂತ ಹೆಚ್ಚಿನ ತಪ್ಪು.

ಅದೇ ನಾರಾಯಣರ ಕಥೆಗಳನ್ನು ಎಂಬತ್ತರ ದಶಕದಲ್ಲಿ ಶಂಕರನಾಗ್ ಆಗುಂಬೆಗೆ ಕೊಂಡೊಯ್ದು ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಮಾಡಿದರು. ದೊಡ್ಡಮನೆಯ ತೊಟ್ಟಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಎಲ್. ವೈದ್ಯನಾಥನ್ ಅವರ ಸಂಗೀತ. ಭಾಷೆ ಹಿಂದಿಯಾದರೂ ಊರು ನಮ್ಮದೇ ಅನ್ನಿಸಿತು. ಅಲ್ಲೂ ಗಮನಿಸಿ, ಹೆಚ್ಚಿನವು ಸಣ್ಣಕಥೆಗಳು; ಒಂದೊಂದಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು.

ಇಲ್ಲಿಗೆ ತೇಜಸ್ವಿಯವರ ಸಂಕಲನದ ನಾಲ್ಕು ಚಿತ್ರಗಳ ಗುಟ್ಟೂ ತಿಳಿಯುತ್ತದೆ. ಒಂದು ಸಣ್ಣಕಥೆಯನ್ನು ಸಿನಿಮಾ ಮಾಡಹೊರಟ ನಿರ್ದೇಶಕ ಅದಕ್ಕೆ ಸೇರಿಸಬೇಕಾಗುತ್ತದೆ. ದಪ್ಪ ಕಾದಂಬರಿಯನ್ನು ಎತ್ತಿಕೊಂಡವನು ಅದರಿಂದ ಕಳೆಯಬೇಕಾಗುತ್ತದೆ. ಸೇರಿಸುವವನು ತಾನೂ ಕಥೆಗಾರನಾಗಲೇಬೇಕು. ಕಳೆಯುವವನು ಎಷ್ಟೇ ಜಾಣನಾದರೂ ಸಾರಾಂಶ ಬರೆಯುವ ಅಪಾಯದಲ್ಲಿರುತ್ತಾನೆ. 'ತಬರನ ಕಥೆ'ಯನ್ನೇ ನೋಡಿ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರಸೆಟ್ಟಿಯ ಕಷ್ಟವನ್ನು ತೇಜಸ್ವಿ ಬಿಗಿಯಾಗಿ, ಕಣ್ಣೀರಿಗೆ ಎಡೆಗೊಡದೆ ಹೇಳುತ್ತಾರೆ. ಸಿನಿಮಾದಲ್ಲಿ ಕಾಸರವಳ್ಳಿ ಅವನನ್ನು ನಡೆಸುತ್ತಾರೆ. ಚಾರುಹಾಸನ್ ಮೇಜಿನಿಂದ ಮೇಜಿಗೆ ಹೋಗಿ, ಕೈಮುಗಿದು ನಿಂತು, ಮತ್ತೆ ಹೊರಡುತ್ತಾರೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ಕಡತ ಒಂದಂಗುಲ ಸರಿಯುವುದಿಲ್ಲ. ಪುಸ್ತಕದ ಒಂದು ಸಾಲನ್ನು ನಾವು ಇಲ್ಲಿ ನಿಮಿಷಗಟ್ಟಲೆ ಸಹಿಸಬೇಕು, ಹಾಗೆ ಸಹಿಸುವಾಗಲೇ ತಬರನ ಕಾಯುವಿಕೆ ನಮ್ಮದಾಗುತ್ತದೆ.

ಸೇರಿಸುವುದರಲ್ಲಿ ಎಷ್ಟು ದೂರ ಹೋಗಬಹುದು? ಬಹಳ ದೂರ ಹೋಗಬಹುದೆಂದು ತೋರಿಸಿದ ಚಿತ್ರ 2008ರ 'ಗುಲಾಬಿ ಟಾಕೀಸು'. ವೈದೇಹಿಯವರ ಕಥೆಯಲ್ಲಿ ಸಣ್ಣ ಊರೊಂದಕ್ಕೆ ಟಾಕೀಸು ಬರುತ್ತದೆ. ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುವ ಲಿಲ್ಲಿಬಾಯಿ, ಮನೆಗೆಲಸ ಮುಗಿಸಿ ಓಡೋಡಿ ಬರುವ ಹೆಂಗಸರು, ಅವರ ನಗು, ಅವರ ಗುಟ್ಟು. ಕಾಸರವಳ್ಳಿ ಕಾಲವನ್ನು ತೊಂಬತ್ತರ ದಶಕದ ಕೊನೆಗೆ ತಂದರು. ಟಾಕೀಸಿನ ಜಾಗದಲ್ಲಿ ಟಿವಿ ಮತ್ತು ಡಿಶ್ ಆಂಟೆನಾ ಬಂತು. ನಾಯಕಿ ಈಗ ಮೀನುಗಾರರ ನಡುವೆ ಬಾಳುವ ಮುಸ್ಲಿಂ ಸೂಲಗಿತ್ತಿ ಗುಲಾಬಿ, ಸಿನಿಮಾ ಹುಚ್ಚಿನವಳು. ಹೆರಿಗೆಗೆ ಕರೆದರೂ ಸಿನಿಮಾ ಬಿಟ್ಟು ಏಳದವಳನ್ನು ಟಿವಿ ಕೊಡಿಸುವ ಆಸೆ ತೋರಿಸಿ ಕರೆದೊಯ್ಯುತ್ತಾರೆ. ಆಮೇಲೆ ಊರ ಹೆಂಗಸರೆಲ್ಲ ಅವಳ ಗುಡಿಸಲಲ್ಲಿ. ದೋಣಿಯವರಿಗೂ ಟ್ರಾಲರ್‌ನವರಿಗೂ ಜಗಳ ಬೆಳೆದು, ಅದಕ್ಕೆ ಕೋಮಿನ ಬಣ್ಣ ಹತ್ತಿದಾಗ, ಅದೇ ಗುಡಿಸಲು ಒಂಟಿಯಾಗುತ್ತದೆ. ಉಮಾಶ್ರೀಯವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಾಲವೂ ಬೇರೆ, ನಾಯಕಿಯೂ ಬೇರೆ. ಆದರೂ ಕತ್ತಲಲ್ಲಿ ಬೆಳಗುವ ಒಂದು ಪರದೆಯ ಮುಂದೆ ಹೆಂಗಸರಿಗೆ ಸಿಗುವ ಆ ಒಂದಿಷ್ಟು ಹೊತ್ತಿನ ಬಿಡುಗಡೆ ವೈದೇಹಿಯವರ ಕಥೆಯದೇ. ಅದನ್ನು ಕಾಸರವಳ್ಳಿ ಜೋಪಾನ ಮಾಡಿದ್ದಾರೆ. ಮೂಲವನ್ನು ಅಕ್ಷರಕ್ಕಕ್ಷರ ಅನುಸರಿಸಿದ ಎಷ್ಟೋ ಚಿತ್ರಗಳಿಗಿಂತ ಇದು ಮೂಲಕ್ಕೆ ಹತ್ತಿರ.

ಹಾಗಾದರೆ ನಮ್ಮ ಮಹಾಕಾದಂಬರಿಗಳ ಗತಿ? ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು 1999ರಲ್ಲಿ ಕಾರ್ನಾಡರು ಚಿತ್ರ ಮಾಡಿದರು. ಮನೆಯೊಳಗಿನ ಜಗಳ ಬಂತು, ಹೆಗ್ಗಡಿತಿ ಬಂದಳು. ಆದರೆ ಆ ಕಾದಂಬರಿಯಲ್ಲಿ ಮನುಷ್ಯರಷ್ಟೇ ದೊಡ್ಡದಾಗಿ ಕಾಡಿದೆ, ಮಳೆಯಿದೆ, ಬೇಟೆಯಿದೆ, ಆಳುಕಾಳುಗಳ ಪ್ರಪಂಚವೇ ಇದೆ. ಇದೆಲ್ಲಕ್ಕೂ ಒಂದು ಚಿತ್ರದ ಅವಧಿಯಲ್ಲಿ ಜಾಗ ಸಾಲುವುದಿಲ್ಲ. ಕುವೆಂಪು ಅವರದೇ 'ಮಲೆಗಳಲ್ಲಿ ಮದುಮಗಳು' ರಂಗಕ್ಕೆ ಬಂದಾಗ ನಿರ್ದೇಶಕ ಸಿ. ಬಸವಲಿಂಗಯ್ಯ ಇಡೀ ರಾತ್ರಿಯನ್ನೇ ತೆಗೆದುಕೊಂಡರು. ಜನ ಬೆಳಗಿನವರೆಗೆ ಕೂತು ನೋಡಿದರು. ಭೈರಪ್ಪನವರ 'ಗೃಹಭಂಗ'ವನ್ನು ಕಾಸರವಳ್ಳಿ ಸಿನಿಮಾ ಮಾಡಲಿಲ್ಲ, ಕಿರುತೆರೆಯ ಧಾರಾವಾಹಿ ಮಾಡಿದರು. ನಂಜಮ್ಮನ ಬಾಳಿನ ದಿನನಿತ್ಯದ ಗೋಳು ಅಲ್ಲಿ ತನ್ನದೇ ವೇಗದಲ್ಲಿ ಬಿಚ್ಚಿಕೊಂಡಿತು. ದೊಡ್ಡ ಕಾದಂಬರಿಗೆ ಹೀಗೆ ದೊಡ್ಡ ಅವಧಿಯೇ ಬೇಕು.

ಈಗ ಮೊಬೈಲಿನಲ್ಲೂ ಮನೆಯ ಟಿವಿಯಲ್ಲೂ ಎಂಟು ಹತ್ತು ಕಂತಿನ ಸರಣಿಗಳನ್ನು ಜನ ಕೂತು ನೋಡುತ್ತಿದ್ದಾರೆ. ಹಾಗಾಗಿ ನನ್ನದೊಂದು ಆಸೆಯನ್ನು ನಿಮ್ಮ ಮುಂದಿಡುತ್ತೇನೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕನ್ನಡದಲ್ಲಿ ಹೀಗೆ ಕಂತುಗಳಲ್ಲಿ ಬರಬೇಕು. ಕಡಲ ಕರೆಯ ಒಂದು ಮನೆ, ಮೂರು ತಲೆಮಾರು. ಮಾಡುವವರು ಮಗ ಲಚ್ಚನ ದುಂದಿನಿಂದಲೋ ಮೊಮ್ಮಗ ರಾಮನ ಅಲೆದಾಟದಿಂದಲೋ ಶುರುಮಾಡುವ ಆಸೆಗೆ ಬೀಳಬಾರದು. ಮೊದಲ ಕಂತುಗಳನ್ನು ಪೂರ್ತಿಯಾಗಿ ಆ ಮನೆಯ ಹೆಂಗಸರಾದ ಪಾರೋತಿ, ಸರಸೋತಿಯರಿಗೆ ಬಿಟ್ಟುಕೊಡಬೇಕು: ಗದ್ದೆಯ ಕೆಲಸ, ಮಳೆಗಾಲಕ್ಕೆ ಸೌದೆ ಕೂಡಿಸುವುದು, ಹೊಗೆ ತುಂಬಿದ ಒಲೆ, ಗಂಡಸರ ಊಟವಾದ ಮೇಲಿನ ಅವರ ಊಟ. ಲಚ್ಚನ ಹೆಂಡತಿ ನಾಗವೇಣಿಯ ಪಿಟೀಲಿಗೂ ಕಡಲ ಮೊರೆತಕ್ಕೂ ಒಳ್ಳೆಯ ಶಬ್ದಗ್ರಾಹಕರನ್ನು ಹುಡುಕಬೇಕು. ಮಾತನ್ನು ಕೋಟ, ಕುಂದಾಪುರದ ಕಡೆಯವರ ಕೈಲೇ ಬರೆಸಬೇಕು. ಕಂತಿಗೆ ಒಂದು ತಿರುವು ಬೇಕೆಂದು ಯಾರಾದರೂ ಹಟ ಹಿಡಿದರೆ, ದಯವಿಟ್ಟು ಅವರ ಮಾತಿಗೆ ಒಪ್ಪಬಾರದು.